ಬಾಸಿಗೆ 750 ಕೋಟಿ, ಯಾವ ಲೆಕ್ಕದಲ್ಲಿ?

ಪ್ರಶ್ನೆ: ಮಗ ವೈಟ್‌ಫೀಲ್ಡ್‌ನಲ್ಲಿ ವಿಮಾನದ ಎಂಜಿನ್ ಡಿಸೈನ್ ಕೆಲಸದಲ್ಲಿದ್ದಾನೆ. ಜಿಇ ಏರೋಸ್ಪೇಸ್ ಸಿಇಒ ಲ್ಯಾರಿ ಕಲ್ಪ್‌ಗೆ 2024ಕ್ಕೆ ಹೆಚ್ಚುಕಮ್ಮಿ 89 ಮಿಲಿಯನ್ ಡಾಲರ್ ಅಂತ ಓದಿದೆ, ನಮ್ಮ ದುಡ್ಡಲ್ಲಿ 750 ಕೋಟಿ. ಮಗನ್ನ ಕೇಳಿದ್ರೆ "ಅದು ಸಂಬಳ ಅಲ್ಲಪ್ಪ, ಶೇರು" ಅಂತಾನೆ. ಹಂಗಾದ್ರೆ ಪುಕ್ಕಟೆ ಕೊಡ್ತಾರಾ?
– ಒಬ್ಬ ಓದುಗರು, ತುಮಕೂರು

ಉತ್ತರ: ಪುಕ್ಕಟೆ ಅಲ್ಲ ಸಾರ್, ಕಂಡೀಷನ್ ಮೇಲೆ. 2018ರ ಕಾಂಟ್ರ್ಯಾಕ್ಟ್ ಪ್ರಕಾರ ಅವರ ಬೇಸಿಕ್ ಸಂಬಳ ವರ್ಷಕ್ಕೆ 2.5 ಮಿಲಿಯನ್ ಡಾಲರ್ ಅಷ್ಟೇ (ಅಷ್ಟೇ ಅಂದೆ ನೋಡಿ, ನಾಲಿಗೆಗೆ ನಾಚಿಕೆ ಇಲ್ಲ), ಮಿಕ್ಕಿದ್ದರಲ್ಲಿ ಬಹುಪಾಲು ಶೇರು, ಇಂತಿಷ್ಟು ವರ್ಷ ಇದ್ರೆ ಇಂತಿಂಥ ಟಾರ್ಗೆಟ್ ಮುಟ್ಟಿದ್ರೆ ಅಂತ ಲೆಕ್ಕ ಹಾಕಿ ಬರೆದಿಡೋದು, ಪೇಪರಲ್ಲಿ ಬರೋದು ಆ ಅಂದಾಜು ಬೆಲೆ. ಕೆಲಸದಲ್ಲೂ ಫೇಲಾದವರಲ್ಲ ಬಿಡಿ. 2024ರಲ್ಲಿ ಆ ಕಂಪನಿ ಆದಾಯ "ಅಡ್ಜಸ್ಟೆಡ್" (ಅಂದ್ರೆ ಕೆಲವು ಬಾಬ್ತು ಹೊರಗಿಟ್ಟ) ಲೆಕ್ಕದಲ್ಲಿ ಸುಮಾರು 35 ಬಿಲಿಯನ್ ಡಾಲರ್, ಆಪರೇಟಿಂಗ್ ಲಾಭ 7 ಬಿಲಿಯನ್ ಮೇಲೆ, ಕೈಗೆ ಬಂದ ಕ್ಯಾಶು 6 ಬಿಲಿಯನ್.

ಆದ್ರೆ ನಾನು ಮೊತ್ತ ನೋಡೋಕೆ ಹೋಗಲ್ಲ, ಟಾರ್ಗೆಟ್ ಯಾರು ಯಾವಾಗ ಬರೆದ್ರು ಅನ್ನೋದನ್ನ ನೋಡ್ತೀನಿ, ಅದಕ್ಕೆ ಇದೇ ಕಲ್ಪ್ ಅವರ 2020ರ ಕಥೆ ಕೇಳಿ. 2018ರ ಅಕ್ಟೋಬರಲ್ಲಿ ಹೊರಗಿಂದ ಬಂದು ಜಿಇ ಸಿಇಒ ಆದ ಮೊದಲನೇ ಮನುಷ್ಯ. ಆಗ ಜಿಇ ಅಂದ್ರೆ ಎಂಜಿನ್ನು, ಟರ್ಬೈನು, ಆಸ್ಪತ್ರೆ ಸ್ಕ್ಯಾನರ್ರು ಎಲ್ಲಾ ಒಂದೇ ಸೂರಿನಡಿ, ಆಮೇಲೆ ಒಡೆದು ಉಳಿದ ಎಂಜಿನ್ ಕಂಪನಿಯೇ ಈ ಜಿಇ ಏರೋಸ್ಪೇಸ್. ಶೇರು ಸುಮಾರು 19 ಡಾಲರ್ ಮುಟ್ಟಿದ್ರೆ ಕಲ್ಪ್ ಅವರಿಗೆ ಬಹುಮಾನದ ಶೇರು ಸಿಗೋದು ಶುರು ಅಂತ ಮಾತಾಯ್ತು. ಅಷ್ಟರಲ್ಲಿ ಕೋವಿಡ್. ಎಂಜಿನ್ ಬಿಸಿನೆಸ್ ಹೇಗಂದ್ರೆ, ಎಂಜಿನ್ ಮಾರಿದಾಗ ಸಿಗೋ ಲಾಭ ಅಷ್ಟಕ್ಕಷ್ಟೇ, ಆಮೇಲೆ ಇಪ್ಪತ್ತು ಇಪ್ಪತ್ತೈದು ವರ್ಷ ಅದನ್ನ ಬಿಚ್ಚಿ ಸರ್ವಿಸ್ ಮಾಡಿ ಬ್ಲೇಡು ಬದಲಾಯಿಸಿ ಬಿಲ್ ಮಾಡೋದ್ರಲ್ಲೇ ದುಡ್ಡು. ವಿಮಾನ ಹಾರದೆ ನಿಂತ್ರೆ ಎಂಜಿನ್ ಸವೆಯಲ್ಲ, ಸವೆಯದಿದ್ರೆ ವರ್ಕ್‌ಶಾಪಿಗೆ ಬರಲ್ಲ. ಏವಿಯೇಷನ್ ಡಿವಿಷನ್ನಲ್ಲಿ ಶೇ 25ರಷ್ಟು ಜನರನ್ನ ಕಮ್ಮಿ ಮಾಡ್ತೀವಿ ಅಂತ ಆ ಮೇ ತಿಂಗಳಲ್ಲಿ ಘೋಷಣೆ ಆಯ್ತು. ಕಲ್ಪ್ ಕೂಡ ವರ್ಷದ ಉಳಿದ ಸಂಬಳ ಬಿಟ್ಟುಕೊಟ್ರು, ಅದನ್ನ ಹೇಳಲೇಬೇಕು.

ಆಗಸ್ಟಲ್ಲಿ ಶೇರು 7 ಡಾಲರಿಗಿಂತ ಕೆಳಗೆ. ಡೈರೆಕ್ಟರ್ ಬೋರ್ಡ್ ಏನ್ ಮಾಡ್ತು? ಕಾಂಟ್ರ್ಯಾಕ್ಟ್ 2024ರವರೆಗೆ ಎಳೀತು, ಹಳೇ ಟಾರ್ಗೆಟ್ ಕಿತ್ತುಹಾಕಿ 10 ಡಾಲರ್ ಮುಟ್ಟಿದ್ರೆ ಸಾಕು ಅಂತು, 16.68 ಮುಟ್ಟಿದ್ರೆ ಅವರಿಗೆ ಒಟ್ಟು ಸುಮಾರು 230 ಮಿಲಿಯನ್ ಡಾಲರ್. ನಮ್ಮ ಕಡೆ ಕಂಬಳದಲ್ಲಿ ಕೋಣ ಅರ್ಧ ಓಡಿದ ಮೇಲೆ ಮಂಜೊಟ್ಟಿಯನ್ನೇ (ಓಟ ಮುಗಿಯೋ ಗುರಿ) ಹತ್ರ ತಂದಿಟ್ರೆ ಗದ್ದೆಬದಿ ಜನ ಸುಮ್ನೆ ಬಿಡ್ತಾರಾ? ಲಸಿಕೆ ಸುದ್ದಿ ಬಂತು, ಮಾರ್ಕೆಟ್ ಏರ್ತು, ಡಿಸೆಂಬರ್ ಹೊತ್ತಿಗೆ ಶೇರು 10 ದಾಟೇಬಿಡ್ತು. ಬೋರ್ಡ್ ವಾದ ಏನಂದ್ರೆ ಈ ಮನುಷ್ಯ ಬಿಟ್ಟುಹೋದ್ರೆ ಕಂಪನಿ ಮುಳುಗುತ್ತೆ ಅಂತ. ಆಮೇಲಿನ ವರ್ಷಗಳನ್ನ ನೋಡಿದ್ರೆ ಅದೂ ಸುಳ್ಳಲ್ಲ, ಆದ್ರೆ ಅದೇ ಕೋವಿಡ್ಡಲ್ಲಿ ಕೆಲಸ ಹೋದ ಟೆಕ್ನಿಷಿಯನ್‌ಗೆ ಯಾರೂ ಟಾರ್ಗೆಟ್ ಇಳಿಸಿಕೊಡಲಿಲ್ಲ.

ಪ್ರಶ್ನೆ: ನಮ್ಮ ಎಚ್‌ಎಎಲ್ ಬಾಸಿಗೆ ಎಷ್ಟು?
– ಇನ್ನೊಬ್ಬರು, ಬೆಂಗಳೂರು

ಉತ್ತರ: ಆ ದರ್ಜೆ ಸರ್ಕಾರಿ ಕಂಪನಿಯ ಸಿಎಂಡಿ (ಮುಖ್ಯಸ್ಥ) ಬೇಸಿಕ್ ಸ್ಕೇಲು ತಿಂಗಳಿಗೆ 2 ಲಕ್ಷದಿಂದ 3.70 ಲಕ್ಷ, ಸರ್ಕಾರ ಕಟ್ಟಿದ್ದು. ಅದರ ಮೇಲೆ ಡಿಎ, ಪರ್ಫಾಮೆನ್ಸ್ ಪೇ. ತೇಜಸ್‌ಗೆ 2021ರಲ್ಲಿ 99 ಎಂಜಿನ್ ಆರ್ಡರ್ ಕೊಟ್ಟಿದ್ದು ಇದೇ ಜಿಇಗೆ, ಮೇಜಿನ ಆ ಕಡೆ ಈ ಕಡೆ ಕೂತವರ ಪೇ ಸ್ಲಿಪ್ ನೆನೆಸಿಕೊಂಡ್ರೆ ನಗು ಬರುತ್ತೆ.

ಪ್ರಶ್ನೆ: ಅಮೆರಿಕನ್ ಕಂಪನಿ ಕೊಟ್ಟ 40 ಶೇರು ನನ್ನ ಹತ್ರ ಇವೆ. ಪ್ರತಿ ವರ್ಷ ಬಾಸ್ ಸಂಬಳದ ಬಗ್ಗೆ ವೋಟ್ ಹಾಕಿ ಅಂತ ಮೇಲ್ ಬರುತ್ತೆ, ಡಿಲೀಟ್ ಮಾಡ್ತಾ ಬಂದಿದೀನಿ. ತಪ್ಪಾ?
– ಓದುಗಾರ್ತಿ, ಹುಬ್ಬಳ್ಳಿ

ಉತ್ತರ: ತಪ್ಪೇ ಅಕ್ಕಾ! ಅಮೆರಿಕದ 2010ರ ಡಾಡ್-ಫ್ರಾಂಕ್ ಕಾಯ್ದೆಯಿಂದ ಬಂದ ಹಕ್ಕು ಅದು. ಬರೀ ಸಲಹೆ, ಬೋರ್ಡ್ ಕೇಳಲೇಬೇಕು ಅಂತಿಲ್ಲ. ಆದ್ರೂ 2021ರ ಮೇನಲ್ಲಿ ಜಿಇ ಶೇರುದಾರರು ಶೇ 57ಕ್ಕಿಂತ ಹೆಚ್ಚು ವೋಟ್ ವಿರುದ್ಧ ಹಾಕಿದ್ರು, ಮುಂದಿನ ವರ್ಷ ಕಲ್ಪ್ ಅವರ ಶೇರ್ ಗ್ರ್ಯಾಂಟು 15 ಮಿಲಿಯನ್ನಿಂದ 5ಕ್ಕೆ ಇಳೀತು. ನಿಮ್ಮ ಶೇರು ವೆಸ್ಟ್ ಆಗಿ (ಷರತ್ತು ಮುಗಿದು ನಿಮ್ಮದಾಗಿ) ಅಕೌಂಟಿಗೆ ಬಂದಿರಬೇಕು, ಬರೀ ಆರ್‌ಎಸ್‌ಯು (ಮುಂದೆ ಶೇರು ಕೊಡ್ತೀವಿ ಅನ್ನೋ ಮಾತು) ಆದ್ರೆ ಸಾಮಾನ್ಯವಾಗಿ ವೋಟ್ ಇಲ್ಲ. ಮೇಲ್ ಜೊತೆ ಬರೋ ಪ್ರಾಕ್ಸಿ ಸ್ಟೇಟ್‌ಮೆಂಟ್ (ಮೀಟಿಂಗಿಗೆ ಮುಂಚೆ ಶೇರುದಾರರಿಗೆ ಕಳಿಸೋ ವರದಿ) ನೂರು ಪುಟ ದಾಟಿದ್ರೂ ಹೆದರಬೇಡಿ, ಸಂಬಳದ ಟೇಬಲ್ಲು, ಮಧ್ಯಮ ನೌಕರನಿಗಿಂತ ಬಾಸಿಗೆ ಎಷ್ಟು ಪಟ್ಟು ಅನ್ನೋ ಪುಟ, ಆಮೇಲೆ ಲಾಭದ ಲೆಕ್ಕದಲ್ಲಿ "ಅಡ್ಜಸ್ಟೆಡ್" ಅಂತ ಎಲ್ಲೆಲ್ಲಿ ಬರೆದಿದಾರೆ ಅಂತ ನೋಡಿದ್ರೆ ಸಾಕು. ಆನ್‌ಲೈನ್ ವೋಟಿಂಗು ಎಷ್ಟೋ ಕಡೆ ಮೀಟಿಂಗ್ ಹಿಂದಿನ ರಾತ್ರಿ ಅವರ ಟೈಮ್ 11.59ಕ್ಕೆ ಮುಗಿಯುತ್ತೆ, ಮೇ ತಿಂಗಳಾದ್ರೆ ನಮಗೆ ಬೆಳಿಗ್ಗೆ ಒಂಬತ್ತೂವರೆ, ಅಂದ್ರೆ ತಿಂಡಿ ಮುಗಿಸಿ ಕೂತ್ರೂ ಟೈಮಿದೆ.