ಹೆಚ್ಚು ಹಣ ಕೊಡುವವನ ಬಗ್ಗೆ ಒಂದು ಮಾತೂ ಇಲ್ಲವೇ?

ಪತ್ರ: ಮೆಕ್ಸಿಕೋ ಗಡಿಯ ಲೈಂಗಿಕ ಕಾರ್ಯಕರ್ತೆಯರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಹೆಚ್ಚು ಹಣ ಸಿಗುತ್ತದೆಂದು ಕಾಂಡೋಮ್ ಬಿಡುತ್ತಾರೆ, ಒಬ್ಬರು ಬಳಸಿದ ಸೂಜಿಯಿಂದಲೇ ಇನ್ನೊಬ್ಬರು ಮಾದಕವಸ್ತು ಚುಚ್ಚಿಕೊಳ್ಳುತ್ತಾರೆ. ತಿಳಿದೂ ತಿಳಿದೂ ಎಚ್‌ಐವಿ ತಂದುಕೊಳ್ಳುವವರಿಗೆ ಸರ್ಕಾರ ಹೊಸ ಸೂಜಿ ಹಂಚಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಬಹಳ ಜನ ಮನಸ್ಸಿನಲ್ಲೇ ಇಟ್ಟುಕೊಳ್ಳುವ ಪ್ರಶ್ನೆಯನ್ನು ನೀವು ನೇರವಾಗಿ ಕೇಳಿದ್ದೀರಿ, ಸಂತೋಷ. ತನ್ನ ದೇಹದ ಹೊಣೆ ತನ್ನದು, ಚಟ ಬಿಡಿಸುವ ಚಿಕಿತ್ಸೆಯೂ ಬೇಕು, ಒಪ್ಪಿದೆ. ಆದರೆ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿಕೊಳ್ಳಿ. ಕಾಂಡೋಮ್ ಬೇಡವೆಂದು ಹೆಚ್ಚು ಹಣ ಮುಂದಿಡುವ ಗಂಡಸಿನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ!

ಮೆಕ್ಸಿಕೋದ ಟಿಹುವಾನಾ ನಗರ ಅಮೆರಿಕದ ಸ್ಯಾನ್ ಡಿಯೇಗೋಗೆ ಅಂಟಿಕೊಂಡೇ ಇದೆ. ಲೈಂಗಿಕ ಕಾರ್ಯಕರ್ತೆಯರು ನಿಲ್ಲುವ ಅಲ್ಲಿನ ಸೋನಾ ನಾರ್ತೆ ಬೀದಿಗಳಿಗೆ ಗಡಿ ದಾಟಿ ಬರುವ ಅಮೆರಿಕದ ಗಿರಾಕಿಗಳೂ ಇದ್ದಾರೆ. ಹೆರಾಯಿನ್ ಸಿಗದೆ ಮೈಕೈ ಮುರಿದಂತಾಗಿ, ವಾಂತಿ, ಹೊಟ್ಟೆನೋವಿನಿಂದ ನರಳುತ್ತಿರುವ ಹೆಂಗಸು ಅಂಥವನೊಡನೆ ಎಷ್ಟು ಚೌಕಾಸಿ ಮಾಡಿಯಾಳು? ನಗರಾಡಳಿತ ಕೊಡುವ ಆರೋಗ್ಯ ಕಾರ್ಡ್ ಇದ್ದರೆ ಈ ಕೆಲಸಕ್ಕೆ ಕಾನೂನಿನ ಆಸರೆಯಿದೆ. ಅದಕ್ಕೆ ನಿಯಮಿತ ತಪಾಸಣೆ ಬೇಕು, ಹಣ ಬೇಕು. ಮಾದಕವಸ್ತು ಬಳಸುವ ಬಡವಿ ಹೆಚ್ಚಾಗಿ ಕಾರ್ಡಿಲ್ಲದೆ ಬೀದಿಯಲ್ಲಿ ನಿಲ್ಲುತ್ತಾಳೆ.

ಸೂಜಿಯ ವಿಷಯ ಇನ್ನೂ ನೋವಿನದು. ಮೆಕ್ಸಿಕೋದಲ್ಲಿ ವೈದ್ಯರ ಚೀಟಿಯಿಲ್ಲದೆ ಸಿರಿಂಜ್ ಕೊಳ್ಳುವುದು ಅಪರಾಧವಲ್ಲ. ಆದರೂ ಎಷ್ಟೋ ಔಷಧದ ಅಂಗಡಿಗಳು ಇಂಥವರಿಗೆ ಕೊಡುವುದಿಲ್ಲ. ಕೊಂಡದ್ದನ್ನು ಪೊಲೀಸರು ಕಿತ್ತುಕೊಳ್ಳುತ್ತಾರೆ, ಠಾಣೆಗೆ ಎಳೆಯುತ್ತಾರೆ. ಹೀಗಿರುವಾಗ ಸೂಜಿಯನ್ನು ಯಾರು ಜೊತೆಯಲ್ಲಿಟ್ಟುಕೊಂಡು ತಿರುಗುತ್ತಾರೆ? ಸಿಕ್ಕಿದ ಕಡೆ, ಸಿಕ್ಕಿದವರ ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಾರೆ. ಜೊತೆಗಾರನಿದ್ದರೆ ಮೊದಲು ಅವನು, ಆಮೇಲೆ ಅವಳು. ಟಿಹುವಾನಾ ಮತ್ತು ಇನ್ನೊಂದು ಗಡಿ ನಗರ ಸಿಯುದಾದ್ ಹುವಾರೆಜ್‌ಗಳಲ್ಲಿ 2000ದ ದಶಕದಲ್ಲಿ ನಡೆದ ಅಧ್ಯಯನದಲ್ಲಿ ಲೈಂಗಿಕ ಕಾರ್ಯಕರ್ತೆಯರ ಪೈಕಿ ಸುಮಾರು ಶೇಕಡ 6 ಮಂದಿಗೆ ಎಚ್‌ಐವಿ ಇತ್ತು. ಚುಚ್ಚಿಕೊಳ್ಳುವವರಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟು.

ಹೊಸ ಸೂಜಿ ಹಂಚಬೇಕೇ ಎಂದಿರಿ. ಸೋಂಕುರೋಗಗಳ ಸಂಶೋಧಕಿ ಸ್ಟೆಫಾನಿ ಸ್ಟ್ರಾತ್‌ಡಿ ಮತ್ತು ಸಂಗಡಿಗರು ಈ ಎರಡೂ ಊರುಗಳಲ್ಲಿ ಇಂಥ ಹೆಂಗಸರ ನಡುವೆ ಮಾಡಿದ ಪ್ರಯೋಗವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಒಂದು ಗುಂಪಿಗೆ ಬರೀ ಉಪದೇಶ, ಇನ್ನೊಂದಕ್ಕೆ ಜೊತೆಯಲ್ಲಿ ಕುಳಿತು ಮಾತುಕತೆ, ಅಭ್ಯಾಸ. ಹುವಾರೆಜ್‌ನಲ್ಲಿ ಮಾತುಕತೆಯ ಗುಂಪಿನವರು ಇತರರ ಸೂಜಿ ಬಳಸುವುದನ್ನು ಉಪದೇಶದ ಗುಂಪಿನವರಿಗಿಂತ ಹೆಚ್ಚಾಗಿ ತಗ್ಗಿಸಿದರು. ಅದೇ ಹೊತ್ತಿಗೆ, ಹಳೆಯ ಸೂಜಿ ಪಡೆದು ಹೊಸದು ಕೊಡುವ ವಿನಿಮಯ ಕೇಂದ್ರಗಳು ಹೆಚ್ಚಿದ್ದ ಟಿಹುವಾನಾದಲ್ಲಿ ಎರಡೂ ಗುಂಪುಗಳಲ್ಲಿ ಅದು ಒಂದೇ ಸಮ ಕುಸಿಯಿತು. ಸ್ವಚ್ಛ ಸೂಜಿ ಕೈಗೆಟುಕಿದಾಗ ಬರೀ ಉಪದೇಶ ಕೇಳಿದವರೂ ಬದಲಾದರು. ನೀವು ಹೇಳುವ ‘ತಿಳಿದೂ ತಿಳಿದೂ’ ಇಲ್ಲಿ ಎಲ್ಲಿದೆ, ಹೇಳಿ.

ಪೊಲೀಸರಿಗೂ ಕಲಿಸಬಹುದು. ಅದೇ ಟಿಹುವಾನಾದಲ್ಲಿ ‘ಎಸ್ಕೂಡೋ’ ಯೋಜನೆಯಲ್ಲಿ ಸಾವಿರಕ್ಕೂ ಹೆಚ್ಚು ಪೊಲೀಸರಿಗೆ ಸಿರಿಂಜ್ ಕಾನೂನನ್ನೂ, ತಪಾಸಣೆಯಲ್ಲಿ ತಮಗೇ ಸೂಜಿ ಚುಚ್ಚದಂತೆ ನೋಡಿಕೊಳ್ಳುವುದನ್ನೂ ಕಲಿಸಿದರು.

ನಾನು ಎಳೆಯ ವರದಿಗಾರನಾಗಿದ್ದಾಗ ನಮ್ಮದೇ ಜಿಲ್ಲಾಸ್ಪತ್ರೆಯೊಂದರಲ್ಲಿ ಸೋಂಕಿತ ಬಾಣಂತಿಯ ಮಂಚಕ್ಕೆ ಕೆಂಪು ಶಾಯಿಯಲ್ಲಿ ರೋಗದ ಹೆಸರು ಬರೆದು ತೂಗುಹಾಕಿದ್ದರು. ಸೋಂಕು ತಂದ ಗಂಡ ಬಾಗಿಲಲ್ಲಿ ಬೀಡಿ ಸೇದುತ್ತಿದ್ದ, ಅವನ ಕೊರಳಲ್ಲಿ ಯಾವ ಚೀಟಿಯೂ ಇರಲಿಲ್ಲ. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ನೆರವು ಕೊಡುವ ದೊಡ್ಡವರೂ ಹೀಗೆ ಹೆಣ್ಣನ್ನೇ ದೂರುತ್ತಾರೆ. ಅಮೆರಿಕದ ಏಡ್ಸ್ ನೆರವಿಗೆ 2003ರ ಕಾನೂನು ಒಂದು ಷರತ್ತು ಹಾಕಿತು: ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇವೆಂದು ಬರೆದುಕೊಡಬೇಕು. ಯಾರ ಬಳಿಗೆ ಹೋಗಬೇಕೋ ಅವರನ್ನೇ ಹಳಿದು ಹೊರಡಿ ಎಂದಂತೆ. ಬ್ರೆಜಿಲ್ 2005ರಲ್ಲಿ ಸುಮಾರು 4 ಕೋಟಿ ಡಾಲರ್ ಬೇಡವೆಂದಿತು. ಅಮೆರಿಕದ ಸಂಸ್ಥೆಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ಈ ಷರತ್ತಿನಿಂದ ಬಿಡಿಸಿತು. 2020ರಲ್ಲಿ, ವಿದೇಶಿ ಸಂಸ್ಥೆಗಳಿಗೆ ಆ ರಕ್ಷಣೆ ಇಲ್ಲವೆಂದಿತು.