ಮಾರ್ಕ್ಸ್ ಕಮ್ಮಿ, ಮಜಾ ಜಾಸ್ತಿ

ಪ್ರಶ್ನೆ: ‘ರೋಬೋಕಾಪ್: ರೋಗ್ ಸಿಟಿ’ ಗೇಮ್ ತಗೊಳ್ಳೋಣ ಅಂತಿದ್ದೇನೆ. ವಿಮರ್ಶಕರು ನೂರಕ್ಕೆ 70ರ ಆಸುಪಾಸು ಕೊಟ್ಟಿದ್ದಾರೆ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನೋಡಿದರೆ ಆಡಿದವರು ಹೊಗಳಿದ್ದೇ ಹೊಗಳಿದ್ದು. ಯಾರನ್ನು ನಂಬಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಬ್ಬರನ್ನೂ ನಂಬಿ. ತಮಾಷೆ ಅಲ್ಲ, ಇಬ್ಬರ ದೂರುಗಳೂ ಹೆಚ್ಚುಕಮ್ಮಿ ಒಂದೇ. ಮಾತಾಡುವಾಗ ಪಾತ್ರಗಳ ಮುಖ ಮರದ ಗೊಂಬೆ ಥರ ಇರುತ್ತದೆ, ಅಲ್ಲಲ್ಲಿ ಬಗ್ (ಪ್ರೋಗ್ರಾಮಿನ ದೋಷ) ಕಾಟ, ಅರ್ಧ ದಾಟಿದ ಮೇಲೆ ಗುಂಡಿನ ಕಾಳಗ ಹಾಡಿದ್ದೇ ಹಾಡು. ವಿಮರ್ಶಕರು ಇದಕ್ಕೆಲ್ಲ ಮಾರ್ಕ್ಸ್ ಕಳೆದರು. ಆಡಿದವರು ‘ಇರಲಿ ಬಿಡಿ’ ಅಂದರು.

2023ರ ನವೆಂಬರ್‌ನಲ್ಲಿ ಬಂದ ಈ ಗೇಮ್ ಪೋಲೆಂಡಿನ ಟೆಯಾನ್ ಕಂಪನಿಯದು. ಇವರದೇ 2014ರ ರ‍್ಯಾಂಬೋ ಗೇಮ್ ಚೆನ್ನಾಗಿ ಬೈಸಿಕೊಂಡಿತ್ತು. 2019ರ ಟರ್ಮಿನೇಟರ್ ಗೇಮ್‌ಗೆ ವಿಮರ್ಶಕರು ಮೂಗು ಮುರಿದರೂ ಆಡಿದವರು ಕೈಬಿಡಲಿಲ್ಲ. ಹಾಗಾಗಿ ದೊಡ್ಡ ಬಜೆಟ್ಟಿನ ಥಳುಕು ಇಲ್ಲಿ ಸಿಗುತ್ತೆ ಅಂತ ಅಭಿಮಾನಿಗಳು ಕಾದು ಕೂತಿರಲೇ ಇಲ್ಲ.

ಅವರಿಗೆ ಬೇಕಿದ್ದದ್ದು ಸಿನಿಮಾದ ರೋಬೋಕಾಪ್, ಅಂದರೆ ಅರ್ಧ ಮನುಷ್ಯ ಅರ್ಧ ಯಂತ್ರವಾದ ಪೊಲೀಸ್. ಅದು ಸಿಕ್ಕಿದೆ. ಈ ಪೊಲೀಸಪ್ಪ ಹಾರಲ್ಲ, ಕೂತು ಅಡಗಲ್ಲ, ಧಡ್ ಧಡ್ ಅಂತ ನಿಧಾನಕ್ಕೆ ನಡೆದು ಬರ್ತಾನೆ, ಮೈಮೇಲೆ ಗುಂಡು ಬೀಳ್ತಾ ಇದ್ದರೂ ಎದುರಿಗಿದ್ದವನ ಕತ್ತಿನ ಪಟ್ಟಿ ಹಿಡಿದು ಎತ್ತಿ ಎಸೀತಾನೆ. ಆಟೋ-9 ಪಿಸ್ತೂಲಿಗೆ ಗುಂಡು ಖಾಲಿಯಾಗುವ ಮಾತೇ ಇಲ್ಲ. 1987ರ ಸಿನಿಮಾದಲ್ಲಿ ಆ ಪಾತ್ರ ಮಾಡಿದ್ದ ಪೀಟರ್ ವೆಲ್ಲರ್ ಇಲ್ಲೂ ತಮ್ಮದೇ ದನಿ ಕೊಟ್ಟಿದ್ದಾರೆ. ನನಗೆ ಗುಂಡಿನ ಕಾಳಗಕ್ಕಿಂತ ಇಷ್ಟವಾದದ್ದು ಮಿಕ್ಕ ಪೊಲೀಸ್ ಕೆಲಸ. ಹಳೇ ಡೆಟ್ರಾಯಿಟ್ ಬೀದಿಯಲ್ಲಿ ಅಡ್ಡಾದಿಡ್ಡಿ ನಿಲ್ಲಿಸಿದ ಕಾರಿಗೆ ದಂಡದ ಚೀಟಿ ಹಾಕಬೇಕು, ಸ್ಟೇಷನ್ನಿನಲ್ಲಿ ಕೂತು ಜನರ ದೂರು ಕೇಳಬೇಕು, ಆಸ್ಪತ್ರೆ ಸೇರಿದ ಸಹೋದ್ಯೋಗಿಗೆ ಕಾರ್ಡ್ ಕಳಿಸೋಕೆ ಎಲ್ಲರ ಹತ್ತಿರ ಸಹಿ ಹಾಕಿಸಬೇಕು. ಅಷ್ಟು ದೊಡ್ಡ ಲೋಹದ ದೇಹ ಇಷ್ಟು ಚಿಲ್ಲರೆ ಕೆಲಸವನ್ನು ಮುಖ ಗಂಟಿಕ್ಕಿಕೊಂಡು ಮಾಡೋದೇ ನಗು ಬರಿಸುತ್ತೆ. ಇದಕ್ಕೆ ವಿಮರ್ಶಕರು ಇನ್ನೂ ನಾಲ್ಕು ಮಾರ್ಕ್ಸ್ ಕೊಡಬಹುದಿತ್ತು.

ಆ ಸಿನಿಮಾ ನಿಮಗೆ ಇಷ್ಟವಾಗಿದ್ದರೆ ಯೋಚನೆ ಮಾಡದೆ ಕೊಳ್ಳಿ. ಸಿನಿಮಾನೇ ನೋಡಿಲ್ಲ, ಸುಮ್ನೆ ಒಂದು ಶೂಟರ್ (ಗುಂಡು ಹಾರಿಸೋ ಗೇಮ್) ಬೇಕು ಅಂದರೆ ಆ 70 ನಿಮಗೆ ಸರಿಯಾದ ಅಂಕ, ಸೇಲ್ ಬರೋವರೆಗೆ ಕಾಯಿರಿ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು.

ಪ್ರಶ್ನೆ: ನನ್ನ 12 ವರ್ಷದ ಮಗ ಇದೇ ಗೇಮ್ ಬೇಕು ಅಂತ ಹಟ ಹಿಡಿದಿದ್ದಾನೆ. ಪೊಲೀಸರ ಆಟ ತಾನೇ, ಕೊಡಿಸಬಹುದಾ?
– ತಾಯಿಯೊಬ್ಬರು, ಮೈಸೂರು

ಉತ್ತರ: ಬೇಡ ಅಮ್ಮ. ಯುರೋಪಿನ ರೇಟಿಂಗ್ ಪ್ರಕಾರ ಇದು 18 ದಾಟಿದವರಿಗೆ. ರಕ್ತ ಧಾರಾಳ, ಮಾದಕ ವಸ್ತುವಿನ ಕಥೆಯೂ ಇದೆ.

ಪ್ರಶ್ನೆ: ಪೊಲೀಸ್ ಗೇಮ್ ಅಂದರೆ ಕಂಡವರ ಮೇಲೆಲ್ಲ ಗುಂಡು ಹಾರಿಸೋದೇನಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಮೆರಿಕದ ವಿಶೇಷ ಪೊಲೀಸ್ ಪಡೆಯ ಗೇಮ್, 2005ರ ‘ಸ್ವಾಟ್ 4’ ಆಡಿ ನೋಡಿ. ಅಲ್ಲಿ ಬಾಗಿಲು ತೆಗೆದ ಕೂಡಲೇ ‘ಆಯುಧ ಕೆಳಗಿಡು’ ಅಂತ ಕೂಗಬೇಕು. ಅಪಾಯವೇ ಇಲ್ಲದಾಗ ಗುಂಡು ಹಾರಿಸಿದರೆ ಅಂಕ ಕಟ್. ಜೀವಂತ ಹಿಡಿದು ಬೇಡಿ ಹಾಕಿದರೆ ಅಂಕ ಜಾಸ್ತಿ. ಗ್ರಾಫಿಕ್ಸ್ ಹಳೇದು, ಆದರೆ ಕೈಯೆತ್ತಿದವನು ಮತ್ತೆ ಪಿಸ್ತೂಲಿಗೆ ಕೈ ಹಾಕ್ತಾನೋ ಇಲ್ಲವೋ ಅಂತ ನೋಡುತ್ತಾ ನಿಲ್ಲೋ ಆ ಎರಡು ಸೆಕೆಂಡು ಇವತ್ತಿಗೂ ಬೆವರಿಳಿಸುತ್ತೆ.