ಸ್ಟೀಲ್ ಲೋಟದವರ ಅಭಿಪ್ರಾಯ

ಮನೆಯಲ್ಲೇ ಏನಾದರೂ ತಯಾರಿಸಿ ಮಾರುವ ಹೆಂಗಸರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವುದು ಈಚೆಗೆ ಹೆಚ್ಚಾಗಿದೆ. ಕೇಕ್ ಮಾಡುವವರು, ಸೀರೆಗೆ ಕುಚ್ಚು ಕಟ್ಟುವವರು, ಸಾಬೂನು ಮಾಡುವವರು. ನಿದ್ದೆ ಬರುವುದಿಲ್ಲ ಎಂದು ಶುರುವಾದ ಮಾತು ಎರಡನೇ ಭೇಟಿಯ ಹೊತ್ತಿಗೆ ‘ಜನರಿಗೆ ಏನು ಇಷ್ಟವೋ ತಿಳಿಯುತ್ತಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅವರಲ್ಲಿ ಒಬ್ಬರ ಕಥೆಯನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಇದರಲ್ಲಿ ನಾನೂ ಎಡವಿದ್ದೇನೆ.

ಅವರಿಗೆ 38 ವರ್ಷ. ಕೆಲಸ ಬಿಟ್ಟು ಕುಂಬಾರಿಕೆ ಕಲಿತು, ಹಿತ್ತಲಲ್ಲಿ ಕರೆಂಟಿನ ಆವಿಗೆ, ಅಂದರೆ ಮಣ್ಣಿನ ಪಾತ್ರೆ ಸುಡುವ ಗೂಡು, ಹಾಕಿಸಿಕೊಂಡು ಬಟ್ಟಲು, ಕಪ್‌ಗಳನ್ನು ಮಾಡುತ್ತಾರೆ. ಮನೆಯಲ್ಲಿ ವಿರೋಧವಿಲ್ಲ. ವಿರೋಧವಿದ್ದಿದ್ದರೆ ಎಷ್ಟೋ ಸುಲಭವಿತ್ತು, ಇಲ್ಲಿ ಎಲ್ಲರೂ ಸಹಾಯಕ್ಕೆ ನಿಂತವರೇ. ಅತ್ತೆಗೆ ಅರಿಶಿನದ ಬಣ್ಣ ಮಂಗಳಕರ. ನಾದಿನಿಗೆ ತಿಳಿಗುಲಾಬಿ. ಅಂಗಡಿಯವರಿಗೆ ನೀಲಿ. ಪ್ರತಿಯೊಬ್ಬರ ಮಾತನ್ನೂ ಇವರು ಪುಸ್ತಕವೊಂದರಲ್ಲಿ ಬರೆದುಕೊಂಡು, ಅದಕ್ಕೊಂದು ಗ್ಲೇಜ್, ಅಂದರೆ ಸುಟ್ಟಾಗ ಪಾತ್ರೆಯ ಮೇಲೆ ಗಾಜಿನಂತೆ ಕೂರುವ ಬಣ್ಣದ ಲೇಪ, ಕಲಸುತ್ತಿದ್ದರು. ಹನ್ನೊಂದು ಬಣ್ಣಗಳಾಗಿದ್ದವು, ಬಟ್ಟಲುಗಳು ಕಪಾಟಿನಲ್ಲೇ ಇದ್ದವು.

ಈ ಕಸುಬಿನ ಒಂದು ಕಷ್ಟ ನನಗೆ ಮೊದಲು ಗೊತ್ತಿರಲಿಲ್ಲ. ಹಸಿ ಗ್ಲೇಜ್ ತನ್ನ ಬಣ್ಣವನ್ನು ಹೇಳುವುದೇ ಇಲ್ಲ. ಕೊನೆಗೆ ಕಪ್ಪಾಗುವುದು ಬಕೆಟ್ಟಿನಲ್ಲಿ ಇಟ್ಟಿಗೆಗೆಂಪು, ಕೋಬಾಲ್ಟ್ ಎಂಬ ಲೋಹದ ಕಡುನೀಲಿ ಹಸಿಯಲ್ಲಿ ಮಾಸಲು ನೇರಳೆ. 1,220 ಡಿಗ್ರಿ ದಾಟುವವರೆಗೆ ಸುಟ್ಟು, ಆವಿಗೆ ಆರುವವರೆಗೆ ಕಾದು, ಮಾರನೆಯ ದಿನ ಬಾಗಿಲು ತೆರೆದಾಗಲೇ ತೀರ್ಪು. ಅಡುಗೆಯವರಾದರೆ ಹಿಟ್ಟನ್ನು ನಾಲಿಗೆಗೆ ಇಟ್ಟುಕೊಂಡಾದರೂ ನೋಡಬಹುದು. ಹೀಗಿರುವಾಗ ಇನ್ನೊಬ್ಬರ ಅಭಿಪ್ರಾಯವನ್ನು ಊರುಗೋಲಿನಂತೆ ಹಿಡಿದುಕೊಳ್ಳುವುದು ಸಹಜವೇ.

ಮೂರನೇ ಭೇಟಿಗೆ ಅವರು ಚೀಲದ ತುಂಬ, ಒಂದೊಂದು ಗ್ಲೇಜ್ ಹಚ್ಚಿ ಸುಟ್ಟ ಪರೀಕ್ಷೆಯ ಬಿಲ್ಲೆಗಳನ್ನು ತಂದರು. ಬೆರಳುದ್ದದ ಬಿಲ್ಲೆಗಳು, ಹಿಂದೆ ಕಪ್ಪಕ್ಷರದಲ್ಲಿ ಅಂಕಿ. ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, “ಮೇಡಂ, ನಿಮಗೆ ಯಾವುದು ಇಷ್ಟ?” ಎಂದರು.

ನಾನು ಹಾವಸೆಯಂಥ, ಹೊಳಪಿಲ್ಲದ ಹಸಿರನ್ನು ತೋರಿಸಿದೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳು ಒಂದು ಕ್ಷಣವೂ ಯೋಚಿಸಲಿಲ್ಲ. ಅವರು ಪುಸ್ತಕ ತೆರೆದು, ಆ ಅಂಕಿಯ ಮುಂದೆ ನನ್ನ ಹೆಸರು ಬರೆದರು. ನಾದಿನಿಯ ಹೆಸರಿನ ಕೆಳಗೆ.

ನನಗೆ ನಾಚಿಕೆಯಾಯಿತು. “ಅದನ್ನು ಹೊಡೆದುಹಾಕಿ” ಎಂದೆ. “ನಾನು ಕಾಫಿ ಕುಡಿಯುವುದು ಸ್ಟೀಲ್ ಲೋಟದಲ್ಲಿ. ನಿಮ್ಮ ಬಟ್ಟಲನ್ನು ಹೊಗಳುತ್ತೇನೆಯೇ ಹೊರತು ಕೊಳ್ಳುವುದಿಲ್ಲ.”

ಮೂರು ಭೇಟಿಗಳಲ್ಲಿ ಅವರು ಮೊದಲ ಸಲ ನಕ್ಕರು. ನಕ್ಕು, ನಾನು ಆರಿಸಿದ ಬಿಲ್ಲೆಯನ್ನು ಬೆಳಕಿಗೆ ಹಿಡಿದರು. ಬುಡದ ಹತ್ತಿರ ಹುಣಸೆಬೀಜದಷ್ಟು ಜಾಗ ಬಿಳಿಚಿತ್ತು. ನಿಂಬೆಹಣ್ಣಿನ ಹೋಳನ್ನು ರಾತ್ರಿಯಿಡೀ ಇಟ್ಟ ಗುರುತು. “ಇದು ತಾಮ್ರದ ಹಸಿರು, ಮೇಡಂ. ಹುಳಿ ತಾಗಿದರೆ ತಾಮ್ರ ಬಿಡುತ್ತದೆ. ಊಟದ ಪಾತ್ರೆಗೆ ಹಾಕುವ ಹಾಗಿಲ್ಲ.”

“ಮತ್ತೆ ಪಟ್ಟಿಯಲ್ಲಿ ಏಕಿದೆ?”

“ಎಲ್ಲರಿಗೂ ಇಷ್ಟವಾಗಿದೆಯಲ್ಲ.”

ಅಲ್ಲಿಯವರೆಗೆ ನಾನು ಇದನ್ನು ಆತ್ಮವಿಶ್ವಾಸದ ಕೊರತೆ ಎಂದುಕೊಂಡಿದ್ದೆ. ಅದಲ್ಲ. ತನಗೆ ಖಚಿತವಾಗಿ ಗೊತ್ತಿರುವುದನ್ನೂ ಹತ್ತು ಜನರ ಬಾಯಿಮಾತಿನ ಮುಂದೆ ಅವರು ಬದಿಗಿಡುತ್ತಿದ್ದರು. ಪುಸ್ತಕದಲ್ಲಿರುವವರಲ್ಲಿ ದುಡ್ಡು ಕೊಟ್ಟು ಕೊಂಡವರು ಎಷ್ಟು ಜನ ಎಂದು ಕೇಳಿದೆ. ಬಹಳ ಹೊತ್ತು ಪುಟ ತಿರುವಿದರು. ಆರು. ಯಾರು ಯಾವ ಬಣ್ಣ ಒಯ್ದರು ಎಂಬುದನ್ನು ಬರೆದೇ ಇರಲಿಲ್ಲ.

ಅಂದು ನಾನು ನೇರವಾಗಿ ಸಲಹೆ ಕೊಟ್ಟೆ. ಮುಂದಿನ ಸಂತೆಗೆ ಒಂದೇ ಆಕಾರದ, ಒಂದೇ ಬೆಲೆಯ ಬಟ್ಟಲನ್ನು ಮೂರೇ ಬಣ್ಣದಲ್ಲಿ ಇಡಿ. ಇಲ್ಲದಿದ್ದರೆ ಮಾರಾಟವಾದದ್ದು ಬಣ್ಣವೋ ಆಕಾರವೋ ಎಂದು ತಿಳಿಯುವುದೇ ಇಲ್ಲ. ಯಾರನ್ನೂ ಏನೂ ಕೇಳಬೇಡಿ. ಕೈಗೆತ್ತಿಕೊಂಡದ್ದು, ತಿರುಗಿಸಿ ನೋಡಿ ಕೆಳಗಿಟ್ಟದ್ದು, ಹಣ ಕೊಟ್ಟದ್ದು, ಇಷ್ಟನ್ನೇ ಬರೆಯಿರಿ. ಬಟ್ಟಲಿಗೆ ಸಾರು ಹಾಕಿ, ಮೊಸರನ್ನ ಹಾಕಿ ನೀವೇ ನೋಡಿ, ಖಾಲಿ ಬಟ್ಟಲನ್ನು ಯಾರೂ ಊಟಕ್ಕೆ ಇಟ್ಟುಕೊಳ್ಳುವುದಿಲ್ಲ. ಹಸಿರನ್ನು ಹೂದಾನಿಗೆ ಹಾಕಿ, ಅದರಲ್ಲಿ ಗಿರಾಕಿಗಳ ಮತ ಬೇಡ. ನಿಂಬೆಯ ಪರೀಕ್ಷೆಯಲ್ಲಿ ಗೆದ್ದ ಮಾತ್ರಕ್ಕೆ ಗ್ಲೇಜ್ ಸುರಕ್ಷಿತವೆಂದಲ್ಲ, ಪ್ರಯೋಗಾಲಯದಲ್ಲೂ ನೋಡಿಸಬೇಕು ಎಂದು ಅವರೇ ನನಗೆ ತಿಳಿಸಿದರು. ಅಷ್ಟು ಬಲ್ಲವರು!

ಸಹೋದ್ಯೋಗಿಯೊಬ್ಬರು ಇದನ್ನು ಆಕ್ಷೇಪಿಸಿದರು. ದಾರಿಯನ್ನು ಬಂದವರೇ ಕಂಡುಕೊಳ್ಳಬೇಕು, ನಾವು ತೋರಿಸಬಾರದು ಎಂದು. ಬೇರೆಡೆ ನಾನೂ ಹಾಗೆಯೇ ನಡೆಯುತ್ತೇನೆ. ಆದರೆ ಅಭಿಪ್ರಾಯಗಳ ಅಜೀರ್ಣವಾಗಿ ಬಂದವರಿಗೆ ‘ನಿಮಗೇನನ್ನಿಸುತ್ತದೆ’ ಎಂದು ಇನ್ನೊಂದು ತುತ್ತು ಬಡಿಸುವುದು ನನ್ನಿಂದಾಗಲಿಲ್ಲ. ಯಾವ ಬಣ್ಣ ಎಂದು ನಾನು ಹೇಳಲಿಲ್ಲ, ಎಣಿಸುವುದು ಹೇಗೆಂದು ಹೇಳಿದೆ. ನಮ್ಮಜ್ಜಿಯ ಉಪ್ಪಿನಕಾಯಿ ಜಾಡಿ ಮೇಲೆ ಕಂದು, ಕೆಳಗೆ ಕೆನೆಬಿಳಿ. ಆ ಬಣ್ಣ ಇಷ್ಟವೇ ಎಂದು ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ವರ್ಷವಿಡೀ ಉಪ್ಪು, ಹುಳಿ ತಡೆಯುತ್ತಿತ್ತು, ಆಕೆ ಕೊಂಡಳು.

ಎರಡು ಸಂತೆಗಳ ನಂತರ ಅವರು ಬಂದಾಗ ಮುಖ ಸಪ್ಪಗಿತ್ತು. ಹೆಚ್ಚು ಹೋದದ್ದು ನೀಲಿ. ಅವರಿಗೆ ಪ್ರಿಯವಾದದ್ದು ಕಬ್ಬಿಣದ ಕಪ್ಪು. ಅಂಚಿನಲ್ಲಿ ಗ್ಲೇಜ್ ತೆಳುವಾದಲ್ಲೆಲ್ಲ ಅದು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಒಯ್ದವರು ಇಬ್ಬರೇ. ಅಂಗಡಿಯವರು ಹೇಳಿದ್ದೇ ನಿಜವಾಯಿತಲ್ಲ ಎಂಬ ಸಂಕಟ ಬೇರೆ. ಸಮಾಧಾನದ ಮಾತು ನನಗೂ ಹೊಳೆಯಲಿಲ್ಲ. ಆವಿಗೆಯಲ್ಲಿ ಎಷ್ಟು ಅಂತಸ್ತು ಎಂದು ಕೇಳಿದೆ. ಮೂರು. ಎರಡು ನೀಲಿಗೆ, ಮೇಲಿನದು ಕಪ್ಪಿಗೆ ಎಂದು ಅವರೇ ಹಂಚಿಕೊಂಡರು.

ಈಗಲೂ ಆಗಾಗ ಫೋನ್ ಮಾಡುತ್ತಾರೆ. ಮಾತೆಲ್ಲ ಮುಗಿದು ಇಡುವ ಹೊತ್ತಿಗೆ, “ಮೇಡಂ, ನೀಲಿಯನ್ನು ಸ್ವಲ್ಪ ತಿಳಿ ಮಾಡಲೇ?” ಎನ್ನುತ್ತಾರೆ.

“ನಾನು ಸ್ಟೀಲ್ ಲೋಟದವಳು” ಎನ್ನುತ್ತೇನೆ.